ಸುಣ್ಣದ ಬಕೀಟು

ಭಜನೆಯವರ ಚಪ್ಪಲಿಗಳನ್ನು ದಾಟಿ ಮುದುಕ ಜುಬೇರ್ ಹೊಸ್ತಿಲಿಗೆ ಬಂದಾಗ ಕೊಟ್ಟೂರೇಶ್ ಎದ್ದು ಅಡ್ಡ ನಿಂತ. ಸತ್ತ ಅಪ್ಪನ ಈ ಗೆಳೆಯ ಹರಿಹರದಿಂದ ಬಂದಾನೆಂದು ಅವನು ಎಣಿಸಿರಲಿಲ್ಲ.

"ಒಳಗೆ ಬರಲಿ ಬಿಡಪ್ಪ" ಎಂದರು ತಾಯಿ ಕಸ್ತೂರಮ್ಮ.

ದೇವರಾಜ ಅರಸು ಬಡಾವಣೆಯ ಆ ಮನೆಯ ಪಡಸಾಲೆಯಲ್ಲಿ ಅವರ ಗಂಡ ಶಿವಯೋಗಪ್ಪನವರ ದೇಹವನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆತುಂಬ ವಿಭೂತಿ. ಬಟ್ಟೆ ಅಂಗಡಿಯ ಗಲ್ಲಾದಲ್ಲಿ ಕೂರುತ್ತಿದ್ದಾಗಿನ ಅದೇ ಬಿಗಿ ಮುಖ. ಬೆಳಗಿನಿಂದ ಬಂದವರೆಲ್ಲ ಅವರ ಗಾಂಭೀರ್ಯವನ್ನೇ ಹೊಗಳುತ್ತಿದ್ದರು. ಕಸ್ತೂರಮ್ಮನಿಗೆ ಅಳು ಬಂದಿರಲಿಲ್ಲ. ಜನ ಹೇಳುತ್ತಿದ್ದ ಮನುಷ್ಯ ಬೇರೆ ಯಾರೋ ಅನ್ನಿಸುತ್ತಿತ್ತು.

"ಇಷ್ಟು ದಿನ ಯಾಕ ಬರಲಿಲ್ಲ ಜುಬೇರಣ್ಣ? ಬಾಗಿಲ ಕಡೆನೇ ನೋಡ್ತಾ ಕೂಡ್ತಿದ್ರು."

ಜುಬೇರ್ ಒಮ್ಮೆ ಕೊಟ್ಟೂರೇಶನನ್ನು ನೋಡಿದ. "ಮೊಣಕಾಲು ಬ್ಯಾನಿ ಅಕ್ಕಾರೆ."

ಕೊಟ್ಟೂರೇಶ್ ತಲೆ ತಗ್ಗಿಸಿದ. ಹೃದಯಾಘಾತವಾದ ಮೇಲೆ, ಅಪ್ಪನನ್ನು ಹಾಗೆಲ್ಲ ನಗಿಸಬೇಡಿ ಎಂದು ಅವನು ಒಮ್ಮೆ ಗದರಿದ್ದು ಕಸ್ತೂರಮ್ಮನಿಗೆ ಗೊತ್ತಿತ್ತು. ಮನೆಗೇ ಬರಬೇಡಿ ಎಂದಿದ್ದನೆಂಬುದು ಈಗ ತಿಳಿಯಿತು.

*

ಮದುವೆಯಾದ ಹೊಸತರಲ್ಲಿ ಗಂಡ ಕಸ್ತೂರಮ್ಮನನ್ನು ಹರಿಹರದ ಟೆಂಟ್ ಟಾಕೀಸಿಗೆ ಕರೆದೊಯ್ದಿದ್ದರು. ಜೊತೆಗೆ ಜುಬೇರ್. ಹಳೆಯ ಕಪ್ಪು ಬಿಳುಪು ಚಿತ್ರ. ಒಬ್ಬ ಡೊಳ್ಳುಹೊಟ್ಟೆಯವನು, ಇನ್ನೊಬ್ಬ ಕಡ್ಡಿಯಂಥವನು, ಯಾರದೋ ಮನೆಗೆ ಬಣ್ಣ ಬಳಿಯಲು ಹೋಗಿ ಮನೆಯನ್ನೇ ಕೆಡವಿ ಬರುತ್ತಾರೆ. ಮಾತೆಲ್ಲ ಇಂಗ್ಲಿಷಿನಲ್ಲಿತ್ತು, ಯಾರಿಗೂ ಅದು ಬೇಕಾಗಿರಲಿಲ್ಲ. ಗಂಡ ನಕ್ಕ ರಭಸಕ್ಕೆ ಬೆಂಚು ಮುರಿದು ಮೂವರೂ ನೆಲಕ್ಕೆ ಬಿದ್ದರು.

ಮುಂದೆ ಮೊದಲ ಕೂಸು ಹುಟ್ಟಿದ ವಾರದಲ್ಲೇ ಹೋಯಿತು. ಕಸ್ತೂರಮ್ಮ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ದೀಪಾವಳಿ ಹತ್ತಿರ ಬಂದಾಗ ಸುಣ್ಣ ಹೊಡೆಯುತ್ತೇವೆಂದು ಗಂಡ ಮತ್ತು ಜುಬೇರ್ ಏಣಿ ಹೊತ್ತು ಕೋಣೆಗೆ ಬಂದರು. ಏಣಿ ತಿರುಗಿ ಜುಬೇರನ ಬೆನ್ನಿಗೆ ಬಡಿಯಿತು. ಗಾಬರಿಯಿಂದ ಹಿಂದೆ ಸರಿದ ಗಂಡ ಸುಣ್ಣದ ಬಕೀಟಿನಲ್ಲಿ ಕಾಲಿಟ್ಟು, ಅದನ್ನು ಬಿಡಿಸಲು ಬಾರದೆ, ಬಕೀಟಿನ ಸಮೇತ ಕುಂಟುತ್ತ ಅಂಗಳಕ್ಕೆ ಹೋದರು. ಎಷ್ಟೋ ತಿಂಗಳ ಮೇಲೆ ಕಸ್ತೂರಮ್ಮ ನಕ್ಕರು.

ಬೇಕಂತಲೇ ಮಾಡಿದಿರಾ ಎಂದು ಅವರು ಎಂದೂ ಕೇಳಲಿಲ್ಲ. ಗಂಡನೂ ಹೇಳಲಿಲ್ಲ.

*

ಜುಬೇರ್ ಗೆಳೆಯನ ಪಕ್ಕ ಕೂತು ಹಾರ ಸರಿಮಾಡಲು ಕೈಚಾಚಿದ್ದೇ ತಡ, ಆ ಭಾರಿ ದೇಹ ಮೆಲ್ಲಗೆ ಅವನ ಮೇಲೆ ವಾಲಿತು. ಸಣಕಲು ಜುಬೇರ್ ಹೆಗಲು ಕೊಟ್ಟು ತಡೆದ. ಅವನ ಟೋಪಿ ಮೂಗಿನ ಮೇಲೆ ಜಾರಿತು.

"ಸರಿಯಾಗಿ ಕುಂದ್ರು ಮಾರಾಯ," ಎಂದು ಪಿಸುಗುಟ್ಟಿದ, "ಜನ ನೋಡ್ತಾ ಅದಾರೆ."

ಕಸ್ತೂರಮ್ಮ ನಕ್ಕುಬಿಟ್ಟರು. ಭಜನೆ ನಿಂತಿತು. ಸೆರಗಿನಿಂದ ಬಾಯಿ ಮುಚ್ಚಿಕೊಂಡರೂ ನಗು ತಡೆಯಲಾಗಲಿಲ್ಲ. ನಗುತ್ತ ನಗುತ್ತಲೇ ಅದು ಅಳುವಾಯಿತು, ದೊಡ್ಡ ಅಳು.

ಕೊಟ್ಟೂರೇಶ್ ಧಾವಿಸಿ ಬಂದು ಅಪ್ಪನ ತೋಳು ಹಿಡಿದ. "ನೀವು ಏಳ್ರಿ ಕಾಕಾ, ನಾವು ಕೂರಿಸ್ತೀವಿ."

"ಇರಲಿ ಬಿಡಪ್ಪ. ನಂಗೇನು ಭಾರ ಆಗಿಲ್ಲ."

ಕೊಟ್ಟೂರೇಶ್ ತಾಯಿಯ ಮುಖ ನೋಡಿದ. ಹಿಡಿದ ತೋಳು ಬಿಟ್ಟ. ಕೋಣೆಗೆ ಹೋಗಿ ಅಪ್ಪನ ದಿಂಬನ್ನು ತಂದು, ಬಗ್ಗಿ, ಜುಬೇರನ ಬೆನ್ನಿನ ಹಿಂದೆ ಇಟ್ಟ.