ಹನ್ನೊಂದು ಬಂಡಿ

ಬಂಡಿಯ ಕಥೆಯನ್ನು ಯಮನಪ್ಪ ಯಾವತ್ತೂ ಕೂತು ಹೇಳಿದವನಲ್ಲ. ಆವತ್ತು ಸಂಜೆಯೂ ಕತಾರಿನ ಕಂಪನಿ ಮೆಸ್ಸಿನ ಬೆಂಚಿನಿಂದ ಎದ್ದ, ಪಾಯಸದ ಬಟ್ಟಲನ್ನು ಎಡಗೈಗೆ ದಾಟಿಸಿದ, ಬಲಗೈಯಿಂದ ಇಲ್ಲದ ಬಾರುಕೋಲನ್ನು ಗಾಳಿಯಲ್ಲಿ ಬೀಸಿದ. ಗೊತ್ತಿದ್ದವರು ಆಗಲೇ ನಗತೊಡಗಿದ್ದರು.

"ಎಪ್ಪತ್ತೊಂದನೇ ಇಸವಿ. ಯುದ್ಧ ಗೆದ್ವಿ, ಬಾಂಗ್ಲಾ ಬ್ಯಾರೆ ದೇಶ ಆತು ಅಂತ ರೇಡಿಯೋದಾಗ ಬಂತು. ನಮ್ಮಪ್ಪ ಕಟ್ಟಿ ಮ್ಯಾಲ ಕುಂತಾವ ಏನಂದ ಗೊತ್ತೇನ್ರಿ? ಪಾಪ, ಬಂಗಾಳಿ ಕ್ಯಾಂಪಿನ ಮಂದಿಗೆ ಅವರ ದೇಶ ಸಿಕ್ತು, ನಡೀರಿ ಕಳಿಸಿ ಬರೂಣು ಅಂದ. ಹನ್ನೊಂದು ಬಂಡಿ ಹೂಡಿದ್ರಪಾ! ಎತ್ತಿನ ಕೋಡಿಗೆ ಬಣ್ಣ, ಕೊರಳಿಗೆ ಗೆಜ್ಜಿ. ಓಣಿ ಹೆಂಗಸ್ರೆಲ್ಲ ಕೂಡಿ ರೊಟ್ಟಿ ಬಡದ್ರು. ರಾಯಚೂರು ಟೇಶನ್ನಿಗೆ ಎರಡು ದಿನದ ಹಾದಿ, ಹಾದ್ಯಾಗ ಉಪವಾಸ ಬೀಳಬಾರದಲ್ಲ."

"ಆಮ್ಯಾಲ?" ಎಂದು ಹೊಸದಾಗಿ ಬಂದ ವೆಲ್ಡರ್ ಕೇಳಿದ.

"ಆಮ್ಯಾಲೇನು! ಹೊತ್ತು ಮುಳುಗೂತನಕ ನಿಂತ್ವು ಬಂಡಿ. ಒಬ್ಬನೂ ಹತ್ತಲಿಲ್ಲ. ರೊಟ್ಟಿ ಮಾತ್ರ ಇಳಿಸಿಕೊಂಡ್ರು!" ಯಮನಪ್ಪ ಪಕ್ಕದಲ್ಲಿ ಕೂತಿದ್ದ ನಿತಾಯ್‌ನ ಬೆನ್ನಿಗೆ ಒಂದು ಗುದ್ದು ಕೊಟ್ಟ. "ಆ ರೊಟ್ಟಿ ತಿಂದವರ ಮೊಮ್ಮಗ ನೋಡ್ರಿ, ಇವನಽ."

ಎಲ್ಲರೂ ನಕ್ಕರು. ನಿತಾಯ್ ಕೂಡ ನಕ್ಕ. ಹನ್ನೊಂದು ವರ್ಷದಿಂದ ನಗುತ್ತಿದ್ದವನು ಇವತ್ತೊಂದು ದಿನ ನಗದಿದ್ದರೆ ಚೆನ್ನಾಗಿರುವುದಿಲ್ಲ.

ಪಾಯಸ ಬಾಂಗ್ಲಾದ ಹುಡುಗರದ್ದು. ಡಿಸೆಂಬರ್ ಹದಿನಾರು ಅವರಿಗೆ ಗೆದ್ದ ದಿನ. ತಮ್ಮ ಮೆಸ್ಸಿನ ಗೋಡೆಗೆ ಬಾವುಟ ಅಂಟಿಸಿ, ಊರಿನಿಂದ ತರಿಸಿದ ಖರ್ಜೂರದ ಬೆಲ್ಲ ಹಾಕಿ ಕಾಯಿಸಿ, ಕಂಪನಿ ಬಿಲ್ಡಿಂಗಿನ ಎಲ್ಲ ಮೆಸ್ಸಿಗೂ ಹಂಚಿದ್ದರು. ಹಂಚಲು ಬಂದ ಮೊಫಿಜುಲ್‌ಗೆ ಬಂಡಿಯ ಕಥೆ ಅರ್ಥವಾಗದಿದ್ದರೂ ಯುದ್ಧ, ಬಾಂಗ್ಲಾ ಎಂಬ ಮಾತುಗಳು ಕಿವಿಗೆ ಬಿದ್ದಿದ್ದವು, ನಗು ಎಲ್ಲಿಗೆ ಹೋಗುತ್ತಿದೆ ಎನ್ನುವುದು ಅರ್ಥವಾಯಿತು. ಸೌಟು ಕೈಯಲ್ಲೇ ಇತ್ತು. ಹಿಂದಿಯಲ್ಲಿ ಹೇಳಿದ: "ನೀವು ಹದಿಮೂರು ದಿನ ಬಂದು ಹೋದಿರಿ ಭಾಯ್. ಒಂಬತ್ತು ತಿಂಗಳು ಸತ್ತವರು ನಮ್ಮವರು."

"ನಾವು ಬರದಿದ್ದರೆ ಇವತ್ತು ಪಾಯಸ ಎಲ್ಲಿರುತ್ತಿತ್ತು?" ಎಂದ ಯಮನಪ್ಪ, ಅವನೂ ಹಿಂದಿಯಲ್ಲೇ. ಜಗಳವೇನಲ್ಲ. ಆದರೂ ಇಬ್ಬರೂ ನಿತಾಯ್ ಕಡೆ ತಿರುಗಿದರು. "ನೀನಽ ಹೇಳಲೇ, ಬಾಂಗ್ಲಾ ಬಿಡಿಸಿದವರು ಯಾರು?" ಎಂದ ಯಮನಪ್ಪ.

"ಪಾಯಸಕ್ಕ ಬೆಲ್ಲ ಚಲೋ ಹಿಡದೈತಿ," ಎಂದು ಹೇಳಿ ನಿತಾಯ್ ಬಟ್ಟಲು ತೊಳೆಯಲು ಎದ್ದು ಹೋದ.

ನಿತಾಯ್ ಬಿಸ್ವಾಸ್ ಹುಟ್ಟಿದ್ದು ಸಿಂಧನೂರಿನ ಕಡೆ, ಯಮನಪ್ಪನ ಊರಾದ ಕರೇಬಾವಿಯಿಂದ ಕಾಲುವೆಯೊಂದರ ಆಚೆ. ಯುದ್ಧಕ್ಕೆ ಮೂರು ವರ್ಷ ಮೊದಲೇ ಪೂರ್ವ ಬಂಗಾಳ ಬಿಟ್ಟು ಬಂದ ಕುಟುಂಬಗಳನ್ನು ಸರಕಾರ ರೈಲಿನಲ್ಲಿ ತಂದು ಆ ಎರೆಭೂಮಿಯ ಮೇಲೆ ಇಳಿಸಿ, ಅದಕ್ಕೆ ಕ್ಯಾಂಪ್ ಎಂದು ಹೆಸರಿಟ್ಟಿತ್ತು. ಐವತ್ತು ವರ್ಷ ಕಳೆದರೂ ಅದು ಊರಾಗಲಿಲ್ಲ, ಕ್ಯಾಂಪೇ. ನಿತಾಯ್ ಕರೇಬಾವಿಯ ಶಾಲೆಯಲ್ಲಿ ಓದಿದ, ಕರೇಬಾವಿಯ ಹುಡುಗರ ಜೊತೆ ಕಾಲುವೆಯಲ್ಲಿ ಈಜಿದ, ಎ.ಸಿ. ರಿಪೇರಿ ಕಲಿತ. "ನಮ್ಮೂರ ಹುಡುಗ" ಎಂದು ಹೇಳಿ ಕತಾರಿಗೆ ಕರೆಸಿಕೊಂಡವನು ಯಮನಪ್ಪನೇ. ಇಲ್ಲಿಗೆ ಬಂದ ದಿನ ಬಿಲ್ಡಿಂಗ್ ನೋಡಿಕೊಳ್ಳುವ ಪೊಡಿಯಬ್ಬ ಪಟ್ಟಿಯ ಮೇಲೆ ಬೆರಳಿಟ್ಟು, "ಹೆಸರು ಬಿಸ್ವಾಸ್ ಅಂತ ಉಂಟು. ಬಂಗಾಳಿಗಳ ರೂಮಿನಲ್ಲಿ ಬೆಡ್ ಖಾಲಿ ಉಂಟು. ಇನ್ನೆಂತ ಬೇಕು ಮಾರಾಯ ನಿನಗೆ?" ಎಂದಿದ್ದ. ಅಂದಿನಿಂದ ಮಲಗುವುದು ಬಾಂಗ್ಲಾದವರ ರೂಮಿನಲ್ಲಿ, ಉಣ್ಣುವುದು ರಾಯಚೂರಿನವರ ಮೆಸ್ಸಿನಲ್ಲಿ.

ಬಂಡಿಯ ಕಥೆ ಅವನ ಮನೆಯಲ್ಲೂ ಇತ್ತು, ನಗುವವರಿರಲಿಲ್ಲ ಅಷ್ಟೆ. ಗೆಜ್ಜೆಯ ಸದ್ದು ಕೇಳಿ ಹೊರಗೆ ಬಂದ ಅಜ್ಜಿ, ಗಂಟು ಕಟ್ಟಿಕೊಂಡು ಮೊದಲನೇ ಬಂಡಿ ಹತ್ತಿ ಕೂತೇಬಿಟ್ಟಿದ್ದಳಂತೆ. ಅಜ್ಜ ಅವಳ ರಟ್ಟೆ ಹಿಡಿದು ಇಳಿಸಿದ. "ದೇಶದ ಹೆಸರು ಬದಲಾಗಿದೆ, ನಮ್ಮನ್ನು ಓಡಿಸಿದ ನೆರೆಯವರು ಅಲ್ಲೇ ಇದ್ದಾರೆ," ಎಂದನಂತೆ. ಬಂಡಿಯವರಿಗೆ ಬಂಗಾಳಿ ಬಾರದು, ಇವರಿಗೆ ಕನ್ನಡ ಬಾರದು. ಬಂಡಿಯವರು ಹೊಡೆಯಲಿಲ್ಲ, ಬೈಯಲಿಲ್ಲ. ನಗುನಗುತ್ತಲೇ ನಿಂತಿದ್ದರು, ರೊಟ್ಟಿಯ ಬುಟ್ಟಿ ಇಳಿಸಿ ಕೊಟ್ಟರು. ಆ ಖಡಕ್ ರೊಟ್ಟಿಯನ್ನು ಹೇಗೆ ತಿನ್ನಬೇಕೆಂದು ಯಾರಿಗೂ ತಿಳಿಯದೆ, ಅಜ್ಜಿ ಬೇಳೆ ಸಾರಿನಲ್ಲಿ ನೆನೆಹಾಕಿ ವಾರಗಟ್ಟಲೆ ಬಡಿಸಿದಳು. "ಅಷ್ಟು ಒಳ್ಳೆಯ ಮನಸ್ಸಿನಿಂದ ಹೋಗು ಅಂದವರನ್ನು ನಾನು ಬೇರೆ ಕಾಣಲಿಲ್ಲ," ಎನ್ನುತ್ತಿದ್ದಳು.

ಮರುದಿನ ಬೆಳಿಗ್ಗೆ ನಿತಾಯ್ ಅಲ್ ಮುಂತಜಾದಲ್ಲಿದ್ದ ಕಂಪನಿ ಆಫೀಸಿಗೆ ಹೋದ. ಎಚ್.ಆರ್. ನೋಡಿಕೊಳ್ಳುವ ಚಂದ್ರಿಕಾ ಮೈಸೂರಿನವಳು. ಅವನ ಫೈಲನ್ನು ಆಗಲೇ ತೆಗೆದಿಟ್ಟುಕೊಂಡಿದ್ದಳು.

"ನನ್ ಕೈಲಿ ಏನಿದೆ ಹೇಳಿ ನಿತಾಯ್? ಹೊಸ ಪಾಸ್‌ಪೋರ್ಟ್ ಬರದೆ ಇಲ್ಲಿ ಐಡಿ ರಿನ್ಯೂ ಆಗಲ್ಲ. ಊರಿಂದ ಪೊಲೀಸ್ ರಿಪೋರ್ಟ್ ಬರದೆ ಪಾಸ್‌ಪೋರ್ಟ್ ಬರಲ್ಲ. ಜನವರಿ ಹದಿನೈದಕ್ಕೆ ನಿಮ್ ಐಡಿ ಖಲಾಸ್. ಆಮೇಲೆ ಪಾಸ್‌ಪೋರ್ಟ್ ಬದಲು ಊರಿಗೆ ಒಂದೇ ಸಲ ಹೋಗೋ ಪೇಪರ್ ಮಾಡಿಸಿ ಕಳಿಸಬೇಕಾಗುತ್ತೆ. ಹಂಗೆ ಹೋದೋರು ವಾಪಸ್ ಬರೋದು ಕಷ್ಟ."

"ಊರಾಗ ಯಾರೋ ಅರ್ಜಿ ಕೊಟ್ಟಾರಂತ್ರಿ ಮೇಡಂ. ಕ್ಯಾಂಪಿನ ಮಂದಿ ಯುದ್ಧ ಮುಗಿದ ಮ್ಯಾಲ ಕಳ್ಳ ಹಾದೀಲೆ ಬಂದವರು, ಕಾಗದ ಎಲ್ಲಾ ಸುಳ್ಳು ಅಂತ. ಅದಕ್ಕ ಎಲ್ಲಾರ ರಿಪೋರ್ಟೂ ತಡದಾರ."

"ನಿಮ್ಮ ತಾತಂದು ಏನಾದ್ರೂ ಪೇಪರ್ಸ್?"

"ಗುಡಿಸಲು ಸುಟ್ಟಾಗ ಹೋದ್ವ್ರಿ."

ಚಂದ್ರಿಕಾ ಪೆನ್ನಿನ ತುದಿ ಕಚ್ಚಿದಳು. "ನೀವು ಯುದ್ಧಕ್ಕೆ ಮುಂಚೆನೇ ಅಲ್ಲಿದ್ರಿ ಅಂತ ಹೇಳೋರು ಬೇಕು. ನಿಮ್ಮ ಜನ ಅಲ್ಲ, ಪಕ್ಕದ ಊರೋರು. ಸಿಗ್ತಾರಾ?"

ನಿತಾಯ್‌ಗೆ ನಗು ಬಂತು. "ಅದಾರ್ರಿ. ನಿನ್ನೆ ಸಂಜೀಕೂ ನಲವತ್ತು ಮಂದಿ ಮುಂದ ಹೇಳ್ಯಾರ."

ಅವಳು ಅಲ್ಲೇ ಇಂಗ್ಲಿಷಿನಲ್ಲಿ ಒಂದು ಹಾಳೆ ಟೈಪ್ ಮಾಡಿ ಅರ್ಥ ಹೇಳಿದಳು. ಇವರ ಕುಟುಂಬ ಯುದ್ಧಕ್ಕೆ ಮೊದಲೇ ನಮ್ಮ ಊರಿನ ಪಕ್ಕ ನೆಲೆಸಿತ್ತು ಎಂದು ನಮ್ಮ ತಂದೆ ಕಣ್ಣಾರೆ ಕಂಡು ಹೇಳಿದ್ದನ್ನು ಬಲ್ಲೆ, ಇವರನ್ನು ಚಿಕ್ಕಂದಿನಿಂದ ಬಲ್ಲೆ, ಒಂದೇ ಶಾಲೆಯಲ್ಲಿ ಓದಿದವರು. ಕೆಳಗೆ ಯಮನಪ್ಪನ ಹೆಸರು, ಸಹಿಗೆ ಜಾಗ. "ಪ್ರಾಮಿಸ್ ಮಾಡಲ್ಲ. ಆದ್ರೆ ಇದನ್ನ ಹಾಕಿ ಕಳಿಸಿದ್ರೆ ಫೈಲ್ ಮೂವ್ ಆಗಬಹುದು. ಹೋದ್ವರ್ಷ ಇನ್ನೊಬ್ಬರಿಗೆ ಆಯ್ತು. ಬೇಗ ಮಾಡಿಸ್ಕೊಂಡ್ ಬನ್ನಿ."

ಆ ಮಧ್ಯಾಹ್ನ ಅಲ್ ಗರಾಫಾದ ಒಂದು ವಿಲ್ಲಾದಲ್ಲಿ ಕೆಲಸವಿತ್ತು. ಯಮನಪ್ಪನೇ ಪಿಕಪ್ ಓಡಿಸುತ್ತಿದ್ದ. ರಸ್ತೆಯುದ್ದಕ್ಕೂ ಕತಾರಿನ ನ್ಯಾಷನಲ್ ಡೇಗೆ ಕಟ್ಟಿದ ಬಾವುಟಗಳು. ವಿಲ್ಲಾದ ಎದುರು ಗಾಡಿ ನಿಂತ ಮೇಲೆ ನಿತಾಯ್ ಹಾಳೆ ಕೊಟ್ಟ, ವಿಷಯ ಹೇಳಿದ.

"ಇಷ್ಟಽ ಏನು? ಇದಕ್ಯಾಕ ಮಾರಿ ಸಣ್ಣದು ಮಾಡ್ಕೊಂಡು ಅಡ್ಡಾಡ್ತಿ? ಪೆನ್ನು ಕೊಡು." ಯಮನಪ್ಪ ಹಾಳೆಯನ್ನು ಸ್ಟೀರಿಂಗಿನ ಮೇಲೆ ಹರಡಿಕೊಂಡ. ಪೆನ್ನಿನ ಮುಚ್ಚಳವನ್ನೂ ತೆಗೆದ. ಆಮೇಲೆ ಏನನ್ನಿಸಿತೋ, "ತಾಳು, ಚನ್ನಬಸವಗ ಒಂದು ಮಾತು ಹೇಳಿಬಿಡ್ತೀನಿ. ಪಂಚಾಯ್ತಿ ಮೆಂಬರ್ ಅದಾನ, ಅವನೂ ಒಂದು ಬರದು ಕೊಟ್ರ ಇನ್ನೂ ಗಟ್ಟಿ ಆಕೈತಿ," ಎಂದು ತಮ್ಮನಿಗೆ ಫೋನ್ ಹಚ್ಚಿದ. ಗಾಡಿಯ ಸ್ಪೀಕರಿನಲ್ಲಿ ಚನ್ನಬಸವನ ದನಿ ದೊಡ್ಡದಾಗಿ ಬಂತು.

"ಸಹಿ? ಹುಚ್ಚು ಹಿಡದೈತೇನಣ್ಣ ನಿನಗ? ಆ ಅರ್ಜಿ ಕೊಟ್ಟಾವ್ರ ನಾವು. ಮೊದಲ್ನೇ ಸಹಿ ನಂದು. ನೀ ಅಲ್ಲಿ ಕುಂತು ಅವರು ಮೊದಲಿಂದ ಇದ್ರು ಅಂತ ಬರಕೊಟ್ರ, ನಾ ಊರಾಗ ಹೆಂಗ ತಲಿ ಎತ್ತಿ ಅಡ್ಡಾಡ್ಲಿ?"

"ಲೇ, ನಿತಾಯಿ ನಮ್ಮ ಹುಡುಗಪಾ…"

"ಒಬ್ಬಾವಗ ಕೊಟ್ರ ಇಡೀ ಕ್ಯಾಂಪು ಬಾಗಿಲಿಗೆ ಬರ್ತೈತಿ. ಕಾಲುವಿ ನೀರಿನ ಭೂಮಿ ಎಲ್ಲಾ ಅವರ ಕೈಯಾಗ ಐತಿ, ಮರೀಬ್ಯಾಡ. ನಮಗೇನು ಅವರ ಮ್ಯಾಲ ಸಿಟ್ಟಿಲ್ಲ. ಅವರ ದೇಶ ಆಗಿ ಐವತ್ತು ವರ್ಷ ದಾಟ್ತು. ಚಂದಗ ಹೋಗ್ಲಿ ಅಂತೀವಿ ಅಷ್ಟಽ."

"ಮತ್ತ ಅಪ್ಪ ಬಂಡಿ ಹೂಡಿದ್ದು?"

"ಅದು ಕಥಿ ಅಣ್ಣ. ಕಥಿಗೆ ಯಾರರ ಸಹಿ ಹಾಕ್ತಾರೇನು?"

ಯಮನಪ್ಪ ಫೋನ್ ಕಟ್ ಮಾಡಿದ. ಪೆನ್ನಿನ ಮುಚ್ಚಳ ಹಾಕಿದ. ಹಾಳೆಯನ್ನು ಎರಡಾಗಿ ಮಡಚಿ, ಡ್ಯಾಶ್‌ಬೋರ್ಡಿನ ಟಿಶ್ಯೂ ಡಬ್ಬಿಯ ಕೆಳಗೆ ಸರಿಸಿದ. "ಅವನ ಮಾತು ಮನಸಿಗೆ ಹಚ್ಕೋಬ್ಯಾಡ. ಎರಡು ದಿನ ಬಿಡು, ನಾ ತಿಳಿಸಿ ಹೇಳ್ತೀನಿ," ಎಂದ. ನಿತಾಯ್‌ನ ಮುಖ ನೋಡಲಿಲ್ಲ.

ನಿತಾಯ್ ಏಣಿ ಇಳಿಸಿಕೊಂಡು ವಿಲ್ಲಾದ ಟೆರೇಸಿಗೆ ಹೋದ. ಎ.ಸಿ.ಯ ಮುಚ್ಚಳ ಬಿಚ್ಚಿ, ಧೂಳು ಕಟ್ಟಿದ ಕಾಯಿಲ್ ಕೊಳವೆಗಳಿಗೆ ನೀರು ಹೊಡೆಯುತ್ತ ಸಿಟ್ಟು ಬರಲಿ ಎಂದು ಕಾದ. ಬರಲಿಲ್ಲ. ದುಃಖವಾದರೂ ಬರಬೇಕಿತ್ತು, ಅದೂ ಇಲ್ಲ. ಯಮನಪ್ಪನಿಗಾಗಿ ನಾಚಿಕೆ ಮಾತ್ರ ಆಯಿತು, ಸ್ಪೀಕರಿನಲ್ಲಿ ಎಲ್ಲ ಕೇಳಿಸಿಬಿಟ್ಟಿತಲ್ಲ ಎಂದು. ನೀರು ಬೂಟಿನೊಳಗೆ ಹೋಗಿ ಕಾಲು ತಣ್ಣಗಾದದ್ದು ಅವನಿಗೆ ಬಹಳ ಹೊತ್ತಿನ ಮೇಲೆ ತಿಳಿಯಿತು.

ಎರಡು ದಿನ ಕಳೆಯಿತು, ಎರಡು ವಾರ ಕಳೆಯಿತು. ಕ್ಯಾಂಪಿನಿಂದ ಹೆಂಡತಿ ಮಾಲತಿ ದಿನಾ ಕೇಳುತ್ತಿದ್ದಳು, ಅವನು ದಿನಾ "ನಾಳೆ" ಎನ್ನುತ್ತಿದ್ದ. ಚಂದ್ರಿಕಾ ಎರಡು ಸಲ ಫೋನ್ ಮಾಡಿದಳು, ಮೂರನೇ ಸಲ ಟಿಕೆಟ್ಟಿನ ದಿನಾಂಕ ಹೇಳಿದಳು. ಯಮನಪ್ಪ ಮೊದಲಿಗಿಂತ ಹೆಚ್ಚು ಪ್ರೀತಿ ತೋರಿಸತೊಡಗಿದ. ಊಟಕ್ಕೆ ಕರೆಯುವುದು, ತನ್ನ ಪಾಲಿನ ಬೆಣ್ಣೆ ಇವನ ತಟ್ಟೆಗೆ ಹಾಕುವುದು, ಭಾರದ ಸಿಲಿಂಡರ್ ತಾನೇ ಎತ್ತುವುದು. ನಿತಾಯ್ ಮತ್ತೆ ಕೇಳಲಿಲ್ಲ. ಕೇಳಿದರೆ ಆ ಮನುಷ್ಯ ಇನ್ನೊಂದು ಸುಳ್ಳು ಹೇಳಬೇಕಾಗುತ್ತದೆ, ಯಾಕೆ ಬೇಕು ಎನ್ನಿಸಿತು. ಮೆಸ್ಸಿನಲ್ಲಿ ಒಂದು ದಿನ ಆ ವೆಲ್ಡರ್ ಹುಮ್ಮಸ್ಸಿನಲ್ಲಿ, "ಅಣ್ಣ, ಬಂಡಿ ಕಥಿ ಹೇಳ್ರಿ," ಎಂದ. "ಸುಮ್ನ ಉಣ್ಣಲೇ," ಎಂದು ಯಮನಪ್ಪ ಗದರಿದ.

ಹೋಗುವ ದಿನ ಮೊಫಿಜುಲ್ ಕೆಲಸಕ್ಕೆ ತಡವಾದರೂ ನಿಂತು ಇವನ ಸೂಟ್‌ಕೇಸನ್ನು ಕೆಳಗಿನವರೆಗೆ ಹೊತ್ತು ತಂದ. ಕೆಳಗೆ ಯಮನಪ್ಪ ಪಿಕಪ್ ತೊಳೆದು ನಿಲ್ಲಿಸಿದ್ದ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ, ಅರ್ಧ ದಿನ ರಜೆ ಹಾಕಿದ್ದ. ಪೊಡಿಯಬ್ಬ ಕಂಪನಿಯ ಬಸ್ಸಿದೆ ಎಂದರೂ ಕೇಳಿರಲಿಲ್ಲ. "ಬಸ್ಸಿನಾಗ ಯಾಕ ಹೋಗ್ತಾನ? ನಾ ಕರೆಸಿದ ಹುಡುಗ, ನಾನಽ ಕಳಿಸಿ ಬರ್ತೀನಿ."

ಸೀಟಿನ ಮೇಲೆ ಬಿಳಿ ಬಟ್ಟೆಯಲ್ಲಿ ಕಟ್ಟಿದ ಒಂದು ದುಂಡನೆಯ ಗಂಟಿತ್ತು. ನಿತಾಯ್ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಇನ್ನೂ ಬೆಚ್ಚಗಿತ್ತು.

"ಮುಂಜಾನೆ ಎದ್ದು ನಾನಽ ಬಡದೀನಿ. ಇಪ್ಪತ್ತೈದು ರೊಟ್ಟಿ, ಶೇಂಗಾ ಹಿಂಡಿ ಕಟ್ಟೀನಿ," ಎಂದ ಯಮನಪ್ಪ ಗಾಡಿ ತಿರುಗಿಸುತ್ತ. "ಹೈದರಾಬಾದಿನಾಗ ಇಳಿದು ಮತ್ತ ಬಸ್ಸು ಹಿಡೀಬೇಕು. ಹಾದ್ಯಾಗ ಉಪವಾಸ ಬೀಳಬಾರದಲ್ಲ."

ನಿತಾಯ್ ಅವನ ಕಡೆ ನೋಡಿದ. ಯಮನಪ್ಪ ರಸ್ತೆ ನೋಡುತ್ತಿದ್ದ.

ಏರ್‌ಪೋರ್ಟಿನ ಬಾಗಿಲಿನ ಮುಂದೆ ಗಾಡಿ ನಿಲ್ಲಿಸಿದ ಮೇಲೆ ಯಮನಪ್ಪನಿಗೆ ತಡೆಯಲಾಗಲಿಲ್ಲ, ಅತ್ತುಬಿಟ್ಟ. ನಾಟಕವಲ್ಲ, ನಿಜವಾಗಿಯೇ ಅತ್ತ. ಮೂಗು ಒರೆಸಿಕೊಳ್ಳಲು ಟಿಶ್ಯೂ ಎಳೆದಾಗ ಡಬ್ಬಿ ಪಕ್ಕಕ್ಕೆ ಸರಿಯಿತು. ಕೆಳಗೆ ಆ ಹಾಳೆ ಹಾಗೆಯೇ ಇತ್ತು. ಬಿಸಿಲು ಬಿದ್ದ ಕಡೆ ಹಳದಿಯಾಗಿ, ಡಬ್ಬಿ ಇದ್ದ ಕಡೆ ಬೆಳ್ಳಗೆ. ನಿತಾಯ್ ನೋಡಿದ. ಅವನು ನೋಡಿದ್ದನ್ನು ಯಮನಪ್ಪನೂ ನೋಡಿದ.

"ಹಾಕ್ತೀನೋ. ನೀ ಊರು ಮುಟ್ಟೂದ್ರಾಗ ಸಹಿ ಹಾಕಿ ವಾಟ್ಸಾಪ್ ಮಾಡ್ತೀನಿ. ನನ್ನಾಣಿ."

"ಆತಣ್ಣ," ಎಂದ ನಿತಾಯ್. ಗಂಟನ್ನು ತೊಡೆಯಿಂದ ಎತ್ತಿ ಸೀಟಿನ ಮೇಲಿಟ್ಟು ಇಳಿದ. ಹಿಂದಿನಿಂದ ಸೂಟ್‌ಕೇಸ್ ತೆಗೆದುಕೊಂಡು ಬಾಗಿಲಿನ ಕಡೆ ನಡೆದ.

ಹಿಂದೆ ಹಾರ್ನ್ ಎರಡು ಸಲ ಆಯಿತು. ಕಿಟಕಿಯ ಗಾಜು ಇಳಿಸಿ ಯಮನಪ್ಪ ಕೂಗುತ್ತಿದ್ದ. "ಏ ನಿತಾಯಿ! ರೊಟ್ಟಿ ಬಿಟ್ಟೆಲ್ಲೋ! ರೊಟ್ಟಿ!" ಗಾಡಿ ಇಲ್ಲಿ ನಿಲ್ಲಿಸಬಾರದೆಂದು ಗಾರ್ಡ್ ಬಾನೆಟ್ ತಟ್ಟಿ, "ಯಲ್ಲಾ, ಯಲ್ಲಾ," ಎಂದು ಕೈ ಬೀಸುತ್ತಿದ್ದ. ಕೂಗು ಇನ್ನೂ ಒಂದು ಸಲ ಕೇಳಿಸಿತು. ಒಳಗೆ ಸಾಲು ಉದ್ದವಿತ್ತು. ನಿತಾಯ್ ಅದರ ಕೊನೆಗೆ ಹೋಗಿ ನಿಂತು, ಒಂದೇ ಸಲ ಹೋಗುವ ಕಾಗದವನ್ನು ಜೇಬಿನಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡ.