ಚಾಪೆ ನೆರಳಿನ ದಿಹೆ

ಪಾಚಿಬಿಲ್ಲೆ ಅರೆದ ರಸ ಹನಿಸಿದರೂ ಸೀಸೆಯೊಳಗಿನ ನೇರಳೆ ನೀರು ನೇರಳೆಯಾಗಿಯೇ ಉಳಿಯಿತು. "ಸತ್ವ ಇದ್ದಿದ್ರೆ ಹಳದಿಗೆ ತಿರುಗಬೇಕಿತ್ತು, ಯಾಗನವ್ವ," ಎಂದಳು ಕೆಲ್ಲು. ರಾಜಧಾನಿಯ ಪ್ರಯೋಗಶಾಲೆಯಿಂದ ಹುಟ್ಟೂರಿಗೆ ಬಂದಿದ್ದ ಹುಡುಗಿಯ ದನಿ ಸಣ್ಣಗಾಗಿತ್ತು.

ಆ ಬಿಲ್ಲೆಗಳನ್ನು, ಅಂದರೆ ದಿಹೆಯನ್ನು, ಕೊಳ್ಳಲು ಬಂದಿದ್ದ ವ್ಯಾಪಾರಿ ಅಬಾಕರ್ ನಕ್ಕ. "ನಾನು ಬಡ್ಕೊಂಡೆ, ಬೇಸಿಗೇದು ಬರೀ ಕಸ ಅಂತ. ಮಳೆ ಬರೋ ತನಕ ಬುಟ್ಟಿ ಮಗುಚಿ ಹಾಕಿ. ನಾನಂತೂ ಕೊಳ್ಳಲ್ಲ."

ಅಂದರೆ ಎರಡು ತಿಂಗಳು ದುಡಿಮೆಯಿಲ್ಲ! ಉಪ್ಪುಕೆರೆಯ ಹಸಿರು ಪಾಚಿ ಸೋಸಿ ದಿಹೆ ಮಾಡುವ ನಲವತ್ತು ಹೆಂಗಸರೂ ಯಾಗನಾಳ ಮುಖ ನೋಡಿದರು. ಅವಳು ಹೇಳದೆ ಯಾರೂ ಕೆರೆಗೆ ಇಳಿಯುವಂತಿರಲಿಲ್ಲ. ಬಿಸಿಲು ಏರಿದಷ್ಟೂ ಪಾಚಿ ಒಳಗೊಳಗೇ ಕಸುವು ಕೂಡಿಡುತ್ತದೆ ಎಂದು ಮೂವತ್ತು ವರ್ಷ ಸಾಧಿಸಿಕೊಂಡು ಬಂದವಳೂ ಅವಳೇ. ಈಗ ಊರೆದುರಿಗೆ ಆ ಮಾತು ಮಣ್ಣುಪಾಲಾಗಿತ್ತು. ಅವಳಿಗೆ ನಾಚಿಕೆಗಿಂತ ಸಿಟ್ಟೇ ಹೆಚ್ಚು ಬಂತು.

"ಯಾವ ಬಿಲ್ಲೆ ಅರೆದೆ ನೀನು?"

"ಅಬಾಕರಣ್ಣಂಗೆ ಕಟ್ಟಿಟ್ಟ ಮೂಟೇದು."

"ಅಯ್ಯೋ ಪೆದ್ದಿ! ಅದು ಮಾರೋ ದಿಹೆ ಕಣೇ. ಬೇಗ ಒಣಗಲಿ ಅಂತ ಸುಡೋ ಮರಳ ಮೇಲೆ ಹುರಿದಿದ್ದು. ಬದುಕಿರೋ ಪಾಚೀನ ಬಿಸಿಲು ಗಟ್ಟಿ ಮಾಡತ್ತೆ. ನೀರಿಂದ ಎತ್ತಿದ ಮೇಲೆ ಅದೇ ಬಿಸಿಲು ತಿಂದು ಹಾಕತ್ತೆ. ನಿಮ್ಮವ್ವ ನಿಂಗೆ ತಿನ್ನಿಸಿದ್ದು ಅದಲ್ಲ, ಮೇಲೆ ಚಾಪೆ ಕಟ್ಟಿ ಅದರ ನೆರಳಲ್ಲಿ ಒಣಗಿಸಿದ್ದು!"

"ಓದಿ ಓದಿ ಮರುಳಾದ್ಲು," ಎಂದು ಹಿಂದಿನಿಂದ ಯಾರೋ ಕಿಸಕ್ಕೆಂದರು. ಕೆಲ್ಲು ಹಣೆ ಚಚ್ಚಿಕೊಂಡಳು.

ಯಾಗನಾ ಗುಡಿಸಲಿಗೆ ಹೋಗಿ ಮನೆಯ ಗಡಿಗೆಯಿಂದ ಎರಡು ಬಿಲ್ಲೆ ತಂದಳು. ಎರಡೂ ನೆರಳಲ್ಲಿ ಒಣಗಿದವು. ಒಂದು ಚಳಿಗಾಲದ್ದು, ಇನ್ನೊಂದು ಹೋದ ವಾರ ಕೆರೆ ಕುದಿಯುತ್ತಿದ್ದಾಗ ಎತ್ತಿದ್ದು. ಕೆಲ್ಲು ಎರಡನ್ನೂ ಬೇರೆ ಬೇರೆ ಅರೆದು, ಸೋಸಿ, ಎರಡು ಸೀಸೆಗಳಿಗೆ ಹನಿಸಿದಳು. ಚಳಿಗಾಲದ್ದು ನೇರಳೆಯನ್ನು ಕೊಂಚ ಮಾಸಲು ಮಾಡಿತು, ಅಷ್ಟೆ. ಬೇಸಿಗೆಯದು ಬಿದ್ದದ್ದೇ ತಡ, ನೇರಳೆ ಕದಡಿ, ತೆಳುವಾಗಿ, ನೋಡನೋಡುತ್ತಲೇ ನಿಂಬೆಹಣ್ಣಿನಂಥ ಹಳದಿಯಾಯಿತು.

"ಇನ್ನೊಂದ್ಸಲ ಮಾಡು," ಎಂದ ಅಬಾಕರ್.

ಮತ್ತೆ ಮಾಡಿದಳು. ಮತ್ತೆ ಹಳದಿ! ಹೆಂಗಸರ ಕೇಕೆಗೆ ಕೆರೆದಂಡೆಯ ಕೊಕ್ಕರೆಗಳೆಲ್ಲ ಹಾರಿ ಎದ್ದವು. ಯಾಗನಾಳಿಗೆ ಮೂವತ್ತು ವರ್ಷ ಕಿರಿಯಳಾದಷ್ಟು ಸಂತೋಷವಾಯಿತು.

"ಎಷ್ಟು ಮಾಡಿದ್ರೂ ತಗೋತೀನಿ ಕಣವ್ವ, ಚಾಪೆ ನೆರಳಿಂದೇ ಆಗಬೇಕು," ಎನ್ನುತ್ತ ಅಬಾಕರ್ ಸಡಗರದಲ್ಲಿ ನೀರಿನಂಚಿಗೇ ಬಂದುಬಿಟ್ಟ.

"ಏಯ್, ಹಿಂದಕ್ಕೆ!" ಯಾಗನಾ ಗದರಿದಳು. "ಗಂಡಸು ಕಾಲಿಟ್ರೆ ಕೆರೆ ಬಂಜೆಯಾಗತ್ತೆ. ಕಸ ಅಂದಿದ್ದು ಸಾಲದಾ?"

ಅವನು ಎಗರಿ ಹಿಂದೆ ಬಿದ್ದ. ಯಾಗನಾ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಇಳೀರೇ!" ಎಂದು ಕೂಗಿದಳು. ನಲವತ್ತು ಬುಟ್ಟಿಗಳು ಬಿಸಿನೀರಿಗೆ ಇಳಿದವು. ಎಲ್ಲರಿಗಿಂತ ಕೊನೆಗೆ ಕೆಲ್ಲು ಚಪ್ಪಲಿ ಕಳಚಿಟ್ಟು, ಪಟ್ಟಣದ ಲಂಗ ಮೇಲೆತ್ತಿಕೊಂಡು ಅವರ ಸಾಲಿಗೆ ಹೋಗಿ ನಿಂತಳು.