ಗಾಜು ಕೂರುವ ತನಕ

ಸೋಪಿನ ನೊರೆ ಮೊಣಕೈವರೆಗೂ ಬಂತು, ತಣ್ಣಗೆ, ಅಂಟಂಟಾಗಿ, ಹೊರಗೆ ಅವನು ಆಗಲೇ ಕೆಮ್ಮುತ್ತಿದ್ದಾನೆ — ಏನೋ ಹೇಳುವ ಮುಂಚಿನ ಕೆಮ್ಮು ಅದು, ಹೇಳದೇ ನುಂಗುವ ಕೆಮ್ಮೂ ಅದೇ, ಇಷ್ಟು ವರ್ಷ ಒಂದೇ ವ್ಯಾನಿನಲ್ಲಿ ಪಕ್ಕದಲ್ಲಿ ಕೂತವಳಿಗೆ ಗಂಡನ ಕೆಮ್ಮಿನ ಭಾಷೆ ಗೊತ್ತಾಗದೇ ಇರುತ್ತದೆಯೇ, ಕೆಮ್ಮಲಿ, ಎದೆ ಕಿತ್ತುಬರುವ ತನಕ ಕೆಮ್ಮಲಿ. ಅವಳು ತಲೆಯೆತ್ತಲಿಲ್ಲ. ಸೀಟಿನ ಮೇಲೆ ಮಂಡಿಯೂರಿ, ಡ್ಯಾಶ್‌ಬೋರ್ಡಿಗೆ ಹೊಟ್ಟೆ ಒತ್ತಿಕೊಂಡು, ಖಾಲಿ ಚೌಕಟ್ಟಿನ ಸುತ್ತ ಸೋಪುನೀರು ಬಳಿಯುತ್ತಲೇ ಇದ್ದಳು. ಮುಂದಿನ ಗಾಜು ಕಳಚಿದ ವ್ಯಾನು ಹಲ್ಲು ಕೀಳಿಸಿಕೊಂಡ ಮುದುಕನ ಹಾಗೆ ಲಾಂಡ್ರಿಯ ಹಿಂದಿನ ಅಂಗಳದಲ್ಲಿ ಬಾಯಿ ತೆರೆದುಕೊಂಡು ನಿಂತಿದೆ, ಈ ತಗಡಿನ ಡಬ್ಬಕ್ಕಾದರೂ ಬಾಯಿ ಬಿಡುವುದು ಬರುತ್ತದೆ, ಇವನಿಗೆ ಬರುವುದಿಲ್ಲ. ಬೆಳಿಗ್ಗೆ ತಟ್ಟೆ ಎತ್ತುವಾಗ ನೇರವಾಗಿಯೇ ಹೇಳಿದ್ದಳು, ನೋಡಿ, ಇವತ್ತು ಗ್ಲಾಸ್ ಕೂರೋದ್ರೊಳಗೆ ಹೇಳ್ಬಿಡಿ, ಗೊತ್ತಿತ್ತು, ಗೊತ್ತಿದ್ದೂ ನಿನಗೆ ಹೇಳ್ಲಿಲ್ಲ, ತಪ್ಪಾಯ್ತು ಅಂತ, ಅಷ್ಟೇ, ಇನ್ನೇನೂ ಕೇಳಲ್ಲ, ಇಲ್ಲಾಂದ್ರೆ ಗ್ಲಾಸ್ ಕೂತ ಮೇಲೆ ನಾನು ತಂಗಿ ಮನೆಗೆ ಹೊರಟೆ, ವ್ಯಾನೂ ನಿಮ್ದೇ, ಲಾಂಡ್ರೀನೂ ನಿಮ್ದೇ, ತಲೆ ಮೇಲೆ ಹೊತ್ಕೊಂಡು ತಿರುಗಿ. ಅದಕ್ಕೆ ಅವನು, ಸ್ಕ್ರೂಡ್ರೈವರ್ ಎಲ್ಲಿಟ್ಟಿದೀಯ ಅಂದ. ಸ್ಕ್ರೂಡ್ರೈವರ್! ನಾಲಿಗೆಯ ಮೇಲೆ ಇನ್ನೂ ನೀವು, ರೀ ಅನ್ನುವುದು ಉಳಿದಿದೆ, ಬಹುಕಾಲದ ಅಭ್ಯಾಸ, ಮನಸ್ಸಿನೊಳಗೆ ಮಾತ್ರ ಹೋದ ಮಳೆಗಾಲದಿಂದಲೇ ಅವನು, ಇವನು, ಎಂಥವನು. ಅವಳು ಸ್ಪಂಜನ್ನು ಬಕೆಟ್ಟಿಗೆ ಎಸೆದಳು.

ಬೆಳಗಿನಿಂದ ಇಬ್ಬರೂ ಸೇರಿ ಕೆರೆದು ತೆಗೆದದ್ದೆಲ್ಲ ಇವನ ತಿಪ್ಪೆ ಸಾರಿಸುವ ವಿದ್ಯೆಯನ್ನೇ ತಾನೇ, ಪ್ರತಿ ಮಳೆಗಾಲಕ್ಕೊಂದು ಟ್ಯೂಬು, ಒಂದು ವರ್ಷ ಕಪ್ಪು ಅಂಟು, ಒಂದು ವರ್ಷ ಬಿಳಿ, ಆಮೇಲೆ ನೆಗಡಿ ಬಂದವರ ಮೂಗಿನಿಂದ ಇಳಿದಂಥದ್ದು ಇನ್ನೊಂದು, ಒಂದರ ಮೇಲೊಂದು, ಗಾಜಿನ ಸುತ್ತ ಬೆರಳಿನಿಂದ ಬಳಿದು ಪ್ಯಾಂಟಿಗೆ ಕೈ ಒರೆಸಿಕೊಂಡರೆ ರಿಪೇರಿ ಆಯಿತು. ರಬ್ಬರ್ ಬದಲಾಯಿಸಿ ಅಂತ ಅವಳು ಬಡಕೊಂಡಿದ್ದೇ ಬಂತು. ಗ್ಲಾಸ್ ಬಿಚ್ಚೋಕೆ ಹೋಗಿ ಒಡೆದ್ರೆ ಈ ಹಳೇ ಮಾಡೆಲ್‌ಗೆ ಬೇರೆ ಎಲ್ಲಿಂದ ತರೋದು ಕಣೇ, ಸುಮ್ನೆ ಮೇಲೊಂದು ಕೈ ಬಳಿದ್ರೆ ಆಯ್ತು. ಮೇಲೊಂದು ಕೈ! ನೀರೇನು ಇವನ ಮಾತು ಕೇಳುತ್ತದೆಯೇ, ಅಂಟಿನ ಕೆಳಗೆ ನುಸುಳಿ, ಹೊರಗೆ ಹೋಗಲು ದಾರಿಯಿಲ್ಲದೆ ಅಲ್ಲೇ ಕೂತು ತಗಡು ತಿಂದು, ಬೆರಳು ಹೋಗುವಷ್ಟು ತೂತು ಮಾಡಿ, ಅವಳ ಸೀಟಿನ ಕಡೆಯ ಮೂಲೆಯಿಂದ ತೊಟ್ಟಿಕ್ಕಿತು — ಮಳೆ ನಿಂತರೂ ಮರದ ಹನಿ ನಿಲ್ಲದು ಅಂತಾರಲ್ಲ ಹಾಗೆ, ಬಿಸಿಲು ಬಂದಮೇಲೂ ಟಪ್, ಟಪ್, ಅವಳ ಮೊಣಕಾಲ ಮೇಲೆ. ಈಗೇಕೆ ಬಿಚ್ಚಲು ಧೈರ್ಯ ಬಂತು ಸ್ವಾಮಿಗೆ? ದೊಡ್ಡ ಹೋಟೆಲಿನ ರೂಮು ನೋಡಿಕೊಳ್ಳುವ ಹೆಂಗಸು ಒಂದು ಗಂಟು ಬೆಡ್‌ಶೀಟನ್ನೇ ವಾಪಸ್ ಕಳಿಸಿದಳು, ತುಕ್ಕಿನ ಕಲೆ, ಇನ್ನೊಂದು ಸಲ ಹೀಗಾದ್ರೆ ಬೇರೆಯವರಿಗೆ ಕೊಡ್ತೀವಿ ಅಂದಳು, ತಗೋ, ಮಾರನೆಯ ದಿನವೇ ಗುಜರಿಯಿಂದ ರಬ್ಬರ್ ಬಂತು, ತೂತಿಗೆ ತಗಡಿನ ತೇಪೆಯೂ ಬಿತ್ತು. ಗ್ಯಾರೇಜಿನವನು ಒಲ್ಲೆ ಅಂದ, ಒಡೆದ್ರೆ ನನ್ನ ಕೇಳ್ಬೇಡಿ ಅಂದ, ಆದರೂ ಇವನು ಬಿಡಲಿಲ್ಲ, ನಾವೇ ಮಾಡೋಣ ಅಂದ. ಹೋಟೆಲಿನ ಬೆಡ್‌ಶೀಟು ನೆನೆದರೆ ರಿಪೇರಿ, ಹೆಂಡತಿಯ ಕಾಲು ನೆನೆದರೆ ಒಂದು ಟವಲ್ಲು. ಬೇಡ, ಟವಲ್ಲಿನ ಸುದ್ದಿ ಈಗ ಬೇಡ, ಹುರಿ ಎಲ್ಲಿ. ಗಂಟು ಕಟ್ಟುವ ನೈಲಾನ್ ಹುರಿಯನ್ನು ಗಾಜಿನ ಅಂಚಿಗೆ ತೊಡಿಸಿದ ರಬ್ಬರಿನ ಸೀಳಿನೊಳಗೆ ಸುತ್ತಲೂ ಕೂರಿಸಿಯಾಗಿದೆ, ಎರಡು ತುದಿಗಳೂ ಕೆಳಗೆ ನಡುವಿನಲ್ಲಿ ಜೋತುಬಿದ್ದಿವೆ, ಹೊರಗಿನವನು ಗಾಜು ಒತ್ತಬೇಕು, ಒಳಗಿನವಳು ಹುರಿ ಎಳೆಯಬೇಕು, ಎಳೆದಂತೆ ರಬ್ಬರಿನ ಅಂಚು ತಗಡನ್ನು ಹತ್ತಿ ಒಳಕ್ಕೆ ಮಡಚಿಕೊಳ್ಳುತ್ತದೆ, ಒಬ್ಬರಿಂದ ಆಗುವ ಕೆಲಸವಲ್ಲ, ಅದೇ ಅವಳ ಕರ್ಮ.

ಅವನು ಗಾಜನ್ನು ಎತ್ತಿ ಚೌಕಟ್ಟಿಗೆ ಆನಿಸಿದ, ಎರಡು ಅಂಗೈ ಹರಡಿ ಒತ್ತಿದ, ಗಾಜಿನಾಚೆ ಮುಖ ಒಂದು ಗೇಣು ದೂರದಲ್ಲಿ, ಇಷ್ಟು ಹತ್ತಿರದಿಂದ ಈ ಮುಖ ನೋಡಿ ಎಷ್ಟು ಕಾಲವಾಯಿತು, ನೋಡುವ ಆಸೆ ಯಾರಿಗಿತ್ತು. ಎಳಿ ಅಂದ, ಮೆಲ್ಲಗೆ, ಒಂದೇ ಸಮ. ಒತ್ತಿ ಅಂದಳು. ಪಟ್ ಅಂತ ರಬ್ಬರ್ ಏರಿತು, ಮತ್ತೊಂದು ಪಟ್. ಹೋದ ಮಳೆಗಾಲ, ಅವತ್ತೂ ಹೀಗೇ ಗಾಜಿನ ಮೇಲೆ ಕಣ್ಣಿಟ್ಟುಕೊಂಡೇ ಇದ್ದ, ವೈಪರ್ ಆ ಕಡೆ ಈ ಕಡೆ, ಹೊರಗೆ ಧಾರಾಕಾರ, ಹಿಂದೆ ಎರಡು ಹೋಟೆಲಿನ, ಒಂದು ನರ್ಸಿಂಗ್ ಹೋಮಿನ ಗಂಟುಗಳು, ಅವಳ ಮೊಣಕಾಲು ತೊಪ್ಪೆ. ಆಗ ಅವನು ವ್ಯಾನು ನಿಲ್ಲಿಸಿ ಹಿಂದೆ ಹೋಗಿ ಹೋಟೆಲಿನ ಒಗೆದ ಟವಲ್ಲು ತಂದು ನಾಲ್ಕು ಮಡಿಕೆ ಮಾಡಿ ಅವಳ ತೊಡೆಯ ಮೇಲೆ ಇಟ್ಟ, ಗಿರಾಕಿಗಳ ಬಟ್ಟೆಗೆ ಬೆರಳು ತಾಕಿಸಿದರೂ ಬೈಯುವವನು. ಏನ್ರೀ ಇದು ಇವತ್ತು ಅಂದಳು. ಇರಲಿ ಬಿಡು ಅಂದ. ಅವಳ ಎದೆ ತುಂಬಿ ಬಂದಿತ್ತು, ದೇವರಾಣೆಗೂ ತುಂಬಿ ಬಂದಿತ್ತು, ರಾತ್ರಿ ಅಮ್ಮನಿಗೆ ಫೋನ್ ಮಾಡಿ ಹೇಳಬೇಕು ಇದನ್ನ, ನಿನ್ನ ಅಳಿಯನಿಗೆ ಬುದ್ಧಿ ಬಂದಿದೆ ಕಣಮ್ಮ ಅಂತ ಹೇಳಬೇಕು ಅಂದುಕೊಂಡಳು. ಅಮ್ಮನಿಗೆ. ಅಮ್ಮ ಆ ಹೊತ್ತಿಗೆ ಬೆಳಗಿನಿಂದ ಇಲ್ಲ. ಎಳಿಯೇ, ಯಾಕೆ ನಿಂತೆ ಅಂದ ಅವನು ಹೊರಗಿನಿಂದ. ಎಳೀತಿದೀನಲ್ಲ ಅಂದಳು.

ತಿಂಡಿ ಹೊತ್ತಿಗೇ ಅವಳ ತಮ್ಮ ಇವನಿಗೆ ಫೋನ್ ಮಾಡಿದ್ದ, ಅಕ್ಕ ಒಬ್ಬಳೇ ಇದ್ದಾಗ ಕೇಳಿ ಗಾಬರಿಯಾಗಬಾರದು, ಭಾವನೇ ಪಕ್ಕದಲ್ಲಿ ಕೂರಿಸಿಕೊಂಡು ಹೇಳಲಿ ಅಂತ, ಪಾಪ, ಅವಳ ತವರಿನಲ್ಲಿ ಹಾಗೇ, ಕೆಟ್ಟ ಸುದ್ದಿ ಹೆಣ್ಣುಮಕ್ಕಳಿಗೆ ಗಂಡನ ಬಾಯಿಂದಲೇ ಮುಟ್ಟಬೇಕು, ಹೂಂ, ಚೆನ್ನಾಗಿ ಮುಟ್ಟಿತು. ಪಕ್ಕದಲ್ಲೇನೋ ಕೂರಿಸಿಕೊಂಡ, ಲೋಡು ಮುಗಿಯುವ ತನಕ ಕೂರಿಸಿಕೊಂಡ. ಮತ್ತೆ ಅವಳು, ಹುಚ್ಚಿ, ಕಾಲ ಮೇಲೆ ಬೆಚ್ಚಗಿನ ಟವಲ್ಲು ಬಿದ್ದದ್ದಕ್ಕೆ ಮಾತಿನ ಮಲ್ಲಿಯಾಗಿ, ಆ ಹೋಟೆಲಿನ ಮ್ಯಾನೇಜರು ದಿಂಬಿನ ಕವರಿನಲ್ಲಿ ಸುಕ್ಕಿದೆ ಅಂತ ವಾಪಸ್ ಮಾಡಿದ್ದು ನೆನಪಾಗಿ, ಮುಖದ ಸುಕ್ಕಿಗೂ ಇಸ್ತ್ರಿ ಹಾಕ್ಕೊಡ್ತೀವಿ, ಬಂದು ಟೇಬಲ್ ಮೇಲೆ ಮಲಕ್ಕೊಳ್ಳಿ ಅಂತ ಹೇಳ್ಬೇಕಿತ್ತು ಕಣ್ರೀ ಅಂದಳು, ಅವನು ನಕ್ಕ. ನಕ್ಕ. ಹಿಂದಿನ ಹಲ್ಲು ಕಾಣುವಷ್ಟು ಬಾಯಿ ತೆರೆದು, ಸ್ಟಿಯರಿಂಗಿಗೆ ಕೈ ಬಡಿದು ನಕ್ಕ, ಹೊಟ್ಟೆಯಲ್ಲಿ ಅಮ್ಮನ ಸಾವನ್ನಿಟ್ಟುಕೊಂಡು ಆ ಬಾಯಿ ಅಷ್ಟಗಲ ತೆರೆಯಿತು. ಕೊನೆಯ ಗಂಟು ಇಳಿಸಿದ ಮೇಲೆ, ನಿಮ್ಮಮ್ಮಂಗೆ ಹುಷಾರಿಲ್ವಂತೆ, ಹೋಗಿ ನೋಡ್ಕೊಂಡು ಬರೋಣ ಅಂದ. ದಾರಿಯಲ್ಲಿ ಅವಳು ಅಮ್ಮನಿಗೆಂದು ಕಿತ್ತಳೆ ಆರಿಸಿದಳು, ಮೆತ್ತಗಿರೋದು ಕೊಡಪ್ಪಾ, ವಯಸ್ಸಾದವರಿಗೆ ಅಂತ ಅಂಗಡಿಯವನಿಗೆ ಹೇಳಿ ಹೇಳಿ ಆರಿಸಿದಳು, ಚೀಲ ಹಿಡಿದು ನಿಂತವನು ಇವನೇ. ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು, ಮಂಚ ಖಾಲಿ, ನೆಲ ಒದ್ದೆ. ಬೆಳಿಗ್ಗೇನೇ ಭಾವಂಗೆ ಹೇಳಿದ್ನಲ್ಲ ಅಕ್ಕ, ಹೊರಟಿದೀವಿ, ದಾರೀಲಿದೀವಿ ಅಂತ ಹೇಳ್ತಾನೇ ಇದ್ರು, ಎಷ್ಟು ಹೊತ್ತೂಂತ ಕಾಯೋದು ಅಂದ ತಮ್ಮ. ಕೈಯಲ್ಲಿ ಕಿತ್ತಳೆ. ಆಮೇಲೆ ಕೇಳಿದರೆ ಇವನ ಉತ್ತರ, ಹೇಳಿದ್ರೂ ಏನು ಬದಲಾಗ್ತಿತ್ತು, ಆ ಮಳೇಲಿ ನಿನ್ನ ಅಳಿಸ್ಕೊಂಡು ನಾನು ಗಾಡಿ ಹೇಗೆ ಓಡಿಸ್ಲಿ. ಮುಖ ಸಿಗುತ್ತಿತ್ತು ಕಣೋ, ಅಮ್ಮನ ಮುಖ ಒಂದು ಸಲ ನೋಡಲು ಸಿಗುತ್ತಿತ್ತು.

ಅರ್ಧ ಸುತ್ತು ಬಂತು. ಹುರಿ ಬೆರಳನ್ನು ಕೊಯ್ಯುತ್ತಿದೆ, ಒಂದು ಸಲ ಕಸುವು ಹಾಕಿ ಜಗ್ಗಿದರೆ ಗಾಜು ಮೂಲೆಯಿಂದ ಮೂಲೆಗೆ ಸೀಳಿ ಹೋಗುತ್ತದೆ, ಇವನ ಅಂಗೈ ಅದರ ಮೇಲೇ ಇದೆ, ಆದರೆ ಬೇಡ, ಒಡೆದರೆ ಗಾಜು ಕೂರುವುದಿಲ್ಲ, ಕೂರದಿದ್ದರೆ ಗಡುವೂ ಇಲ್ಲ, ಪುಣ್ಯಾತ್ಮ ಬಚಾವಾಗುತ್ತಾನೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಎಳೆದಳು. ಪಟ್. ಮೇಲಿನ ಅಂಚು ಕೂರುತ್ತಿದ್ದಂತೆ ಅಂಗಳದ ಸದ್ದು ಕಡಿಮೆಯಾಯಿತು, ಒಗೆಯುವ ಮಷಿನ್ನಿನ ಗುಡುಗುಡು ದೂರ ಹೋಯಿತು, ಅವನ ಮಾತೂ ಕಂಬಳಿ ಹೊದ್ದುಕೊಂಡು ಆಡಿದಂತೆ ಕೇಳಿಸಿತು, ಈ ಕಡೆ, ಮೂಲೆ ಹುಷಾರು. ಮೂಲೆಯಂತೆ. ಇನ್ನು ನಾಲ್ಕಾರು ಗೇಣು ಉಳಿದಿದೆ ಮಾರಾಯ, ಈಗಲಾದರೂ ಹೇಳು, ಇಷ್ಟು ಸಂದಿ ಇರುವಾಗಲೇ ಹೇಳು, ಕೆಮ್ಮಬೇಡ, ಹೇಳು. ಅವನು ಕೆಮ್ಮಿದ. ಅವಳು ಎಳೆದಳು. ಕೊನೆಯ ಮೂಲೆಯಲ್ಲಿ ರಬ್ಬರ್ ಹಠ ಮಾಡಿತು, ಅವನು ಮುಷ್ಟಿಯಿಂದ ಗುದ್ದಿದ, ಪಟ್, ಹುರಿ ಪೂರ್ತಿ ಕೈಗೆ ಬಂತು, ಗಾಜು ಕೂತಿತು. ಸರಿ. ಮುಗಿಯಿತು ಅಂದರೆ ಮುಗಿಯಿತು, ಬಟ್ಟೆ ಬ್ಯಾಗು ಬಾಗಿಲ ಹಿಂದೆಯೇ ಇದೆ.

ಪಕ್ಕದ ಗಾಜುಗಳನ್ನು ಏರಿಸು ಅಂತ ಸನ್ನೆ ಮಾಡಿದ, ಏರಿಸಿದಳು, ಪೈಪು ತಂದು ಮೇಲಿನಿಂದ ನೀರು ಬಿಟ್ಟ, ಅವಳು ಮೂಲೆಯಲ್ಲಿ ಬೆರಳಿಟ್ಟು ಕಾದಳು. ಒಂದು ಹನಿ ಇಲ್ಲ. ಮೊಣಕಾಲು ಮುಟ್ಟಿ ನೋಡಿಕೊಂಡಳು, ಒಣಗಿದೆ, ಎಷ್ಟು ಸುಲಭದ ಕೆಲಸವಾಗಿತ್ತು ಅಂತ ಸಿಟ್ಟು ಇನ್ನೂ ಏರಿತು. ಅವನು ಪೈಪನ್ನು ಕೆಳಗೆ ಮಾಡಿದ, ಹತ್ತಿರ ಬಂದ, ಗಾಜಿಗೆ ಅಂಗೈ ಇಟ್ಟ, ಬಾಯಿ ಅಲ್ಲಾಡಿತು. ನೀರು ಬಂತಾ ಅಂತಲ್ಲ, ಅದು ಇಷ್ಟುದ್ದ ಇರುವುದಿಲ್ಲ, ಅದಕ್ಕೆ ಕಣ್ಣು ಕೆಂಪಾಗುವುದಿಲ್ಲ, ಗಲ್ಲ ನಡುಗುವುದಿಲ್ಲ. ಓಹೋ, ಈಗ. ಕಿವಿಗೆ ದಾರಿಯಿದ್ದಷ್ಟು ಹೊತ್ತು ಕೆಮ್ಮಿ, ಗಾಜು ಕೂತು, ರಬ್ಬರ್ ಬಿಗಿದು, ಎಲ್ಲ ಭದ್ರವಾದ ಮೇಲೆ ಈಗ — ಹೇಳಿದ ಹಾಗೂ ಆಗಬೇಕು, ಕೇಳಿಸಲೂ ಬಾರದು, ಎಂಥ ಹೇಡಿ, ಇದೂ ಮೇಲೊಂದು ಕೈ ಬಳಿಯುವುದೇ. ಬಾಗಿಲ ಹಿಡಿ ಅವಳ ಮೊಣಕೈಗೆ ತಾಗುತ್ತಿದೆ, ಗಾಜು ಇಳಿಸುವ ಹಿಡಿಯೂ ಅಲ್ಲೇ, ಎರಡು ಸುತ್ತು ತಿರುಗಿಸಿದರೆ ಕೇಳಿಸುತ್ತದೆ, ಒಂದು ಸುತ್ತು ಸಾಕು. ಒಂದು ವರ್ಷ ಕಾದದ್ದು ಗಾಜಿನಾಚೆ ನಿಂತಿದೆ. ಅವಳು ಬೆರಳೆತ್ತಿ ಮೂಲೆ ತೋರಿಸಿದಳು, ಅಲ್ಲಿ, ಇನ್ನೂ ಬಿಡಿ. ಅವನು ಮೂಲೆ ನೋಡಿದ, ಪೈಪು ಎತ್ತಿದ, ನೀರು ಇಳಿಯಿತು, ಮುಖ ಕದಡಿ ಹೋಯಿತು, ನೀರಿನ ಹಿಂದೆ ಬಾಯಿ ಮಾತ್ರ ಕಪ್ಪಗೆ, ಇನ್ನೂ ಅಲ್ಲಾಡುತ್ತ, ಅಳುತ್ತಿದೆಯೋ ಏನೋ, ಅಗಲವಾಗಿ ತೆರೆದಿದೆ, ಹಿಂದಿನ ಹಲ್ಲು ಕಾಣುವಷ್ಟು. ಇನ್ನೂ ಬಿಡಿ, ಈ ಕಡೆ, ಇನ್ನೂ. ನೀರು. ಬಾಯಿ. ಇನ್ನೂ. ಆ ಬಾಯಿ, ಅವತ್ತು ನಕ್ಕ ಬಾಯಿ, ಆ ಬಾಯಿ —